ಗುರವ್ವನ ಗಿರಣಿಯ ಫಿಲ್ಟರು

ದೇವರ ಮುಖದ ಮೇಲೆ ಗೆರೆ ಬೀಳುತ್ತಿರುವ ವಿಷಯವನ್ನು ಹುಣಸಿಮಟ್ಟಿ ಮಂಡಲ ಪಂಚಾಯತಿಯು ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿ ಮಾರ್ಚ್ ಹದಿಮೂರನೆಯ ತಾರೀಖು, ರವಿವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಕೈಗೆತ್ತಿಕೊಂಡಿತು. ಕುಡಿಯುವ ನೀರಿನ ಬಾವಿಯ ವಿಷಯ, ಹೆಣ್ಣುಮಕ್ಕಳ ಸಾಲೆಯ ಮಾಳಿಗೆ ಸೋರುವ ವಿಷಯ, ಕುಬಿಹಾಳದ ರಸ್ತೆಯ ವಿಷಯ, ಈ ಮೂರನ್ನೂ ಮುಂದಿನ ಸಭೆಗೆ ಇಡಲಾಯಿತು. ಬಾವಿ ಎಲ್ಲಿಗೂ ಓಡಿಹೋಗುವಂಥದ್ದಲ್ಲ. ದೇವರು ಮಾತ್ರ ವಾರಕ್ಕೊಮ್ಮೆ, ಅದೂ ಮುಕ್ಕಾಲು ತಾಸು ಬರುವವನು.

ಸಭೆಯನ್ನು ಯಾರೂ ಕರೆದಿರಲಿಲ್ಲ. ಪಂಚಾಯತಿ ಕಟ್ಟೆಯ ಮೇಲೆ ಕಟ್ಟಿಗೆ ಪೆಟ್ಟಿಗೆಯೊಳಗಿನ ಸರಕಾರಿ ಟಿವಿ ನೋಡಲು ಕೂಡಿದ ಇನ್ನೂರು ಮಂದಿ, ದೇವರ ಧಾರಾವಾಹಿ ಮುಗಿದ ಮೇಲೂ ಏಳಲಿಲ್ಲ. ಆದ್ದರಿಂದ ಅದೇ ಸಭೆಯಾಯಿತು. ಟಿವಿಯ ಮುಂದೆ ಹಚ್ಚಿದ ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಒಡೆದ ಕಾಯಿಯ ಎರಡು ಹೋಳು ಪೆಟ್ಟಿಗೆಯ ಮೇಲಿದ್ದವು. ಪರದೆಯ ತುಂಬ ಮೀನಿನ ಬಲೆಯಂಥ ಓರೆ ಗೆರೆಗಳು. ಬಲೆಯ ಹಿಂದೆ ಯಾರೋ ಒಬ್ಬರು ಸಾಬೂನು ಮಾರುತ್ತಿದ್ದರು.

"ಇವತ್ತ ದೇವರು ಏನಂದಾ ಅನ್ನೂದರ ತಿಳೀತನ?" ಎಂದು ಮಂಡಲ ಪ್ರಧಾನ ಅಂದಾನೆಪ್ಪ ಕೇಳಿದ. ಅವನಿಗೆ ಮನೆಯಲ್ಲಿ ಸ್ವಂತದ ಬಣ್ಣದ ಟಿವಿ ಇತ್ತು. ಅದರಲ್ಲಿ ದೇವರನ್ನು ಪೂರ್ತಿ ನೋಡಿ, ಬಾಯಲ್ಲಿ ಅಡಿಕೆ ಹಾಕಿಕೊಂಡು, ಊರಿನವರ ಕಷ್ಟ ವಿಚಾರಿಸಲು ಬಂದಿದ್ದ.

ಉತ್ತರ ಹೇಳುವುದು ದಾವೂದಸಾಬನ ಕೆಲಸ. ದೇವರು ಮಾತಾಡುವುದು ಹಿಂದಿಯಲ್ಲಿ. ಊರಲ್ಲಿ ಹಿಂದಿ ತಿಳಿಯುವವರೆಂದರೆ ಸಾಬರ ಓಣಿಯವರು. ಹೀಗಾಗಿ ಮುದುಕ ದಾವೂದಸಾಬ ಪ್ರತಿ ರವಿವಾರ ಮುಂದಿನ ಸಾಲಿನಲ್ಲಿ ಕೂತು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ದೇವರ ಮಾತನ್ನು ಕನ್ನಡಕ್ಕೆ ಇಳಿಸುತ್ತಿದ್ದ.

"ಯುದ್ಧಕ್ಕ ಹೋಗ್ತೀನಿ ಅಂದ್ನಿರಿ."

"ಮೊನ್ನಿ ರವಿವಾರನೂ ಅದನ್ನ ಅಂದಿದ್ನಲ್ಲೋ?"

"ಮೊನ್ನಿ ತಮ್ಮಗ ಹೇಳಿದ್ದಾ. ಈಗ ತಾಯಿಗೆ ಹೇಳಿದಾ. ತಾಯಿ ಮಾರಿ ಅಂತೂ ಕಾಣಲಿಲ್ಲ, ದನಿ ಹೆಂಗಸರದಿತ್ತು."

ನಗೆ ಎದ್ದಿತು. ಆದರೆ ಅಂದಾನೆಪ್ಪ ನಗಲಿಲ್ಲವಾದ್ದರಿಂದ ಅದು ಬೇಗ ಕೂತಿತು. ಪಂಚಾಯತಿ ಸೆಕ್ರೆಟರಿ ಮಂಜಪ್ಪ ಠರಾವು ಪುಸ್ತಕ ತೆರೆದು ಪೆನ್ನಿನ ಟೊಪ್ಪಿಗೆ ಬಿಚ್ಚಿದ. ಗೆರೆ ಬೀಳಲು ಹತ್ತಿದ್ದು ಸಂಕ್ರಾಂತಿಯ ಆಸುಪಾಸು ಎಂದು ಎಲ್ಲರೂ ಒಪ್ಪಿದರು. ಪಂಚಾಯತಿಯ ಬಾಜೂ ಖೋಲಿಯಲ್ಲಿರುವ ಗುರವ್ವನ ಹಿಟ್ಟಿನ ಗಿರಣಿಗೆ ಹೊಸ ಮೋಟರು ಕೂತದ್ದೂ ಸಂಕ್ರಾಂತಿಗೆ. ಇಷ್ಟು ಸಿಕ್ಕ ಮೇಲೆ ಊರಿಗೆ ಮತ್ತೇನೂ ಬೇಕಾಗಿರಲಿಲ್ಲ.

ಗುರವ್ವ ಸೀರೆಯ ಸೆರಗಿನಿಂದ ರೆಪ್ಪೆಯ ಮೇಲಿನ ಹಿಟ್ಟು ಒರೆಸುತ್ತ ಗಿರಣಿಯ ಬಾಗಿಲಿಗೆ ಬಂದು ನಿಂತಳು. ಗಂಡ ಲಕ್ಷ್ಮಪ್ಪ ಗಿರಣಿಯ ತಿರುಗುವ ಪಟ್ಟಾದಲ್ಲಿ ಧೋತರ ಸಿಕ್ಕು ಸತ್ತು ಒಂಬತ್ತು ವರ್ಷವಾಗಿತ್ತು. ಮಾರಿಬಿಡು ಎಂದವರ ಮಾತು ಕೇಳದೆ ಅದೇ ಗಿರಣಿಯನ್ನು ನಡೆಸಿಕೊಂಡು ಬಂದಿದ್ದಳು.

"ಪ್ರಧಾನರ, ನನ್ನ ಗಿರಣಿ ಜ್ವಾಳಾ ಬೀಸ್ತೈತ್ರಿ. ದೇವರನ್ನ ಬೀಸಂಗಿಲ್ಲ," ಎಂದಳು.

"ಮಾತು ಬ್ಯಾಡ ಯವ್ವಾ. ನಮಗ ತಿಳಿಯೂದಿಲ್ಲ, ನಿನಗೂ ತಿಳಿಯೂದಿಲ್ಲ. ತಿಳಿದವನ್ನ ಕೇಳೂಣು. ಎಲ್ಲ್ಯದಾನ ನಿಜಾಮಸಾಬ?"

ನಿಜಾಮಸಾಬ ಕಂಬಕ್ಕೆ ಒರಗಿ ನಿಂತಿದ್ದ. ಬಸ್ ನಿಲ್ಲುವ ಹುಣಸೆ ಮರದ ಕೆಳಗೆ ಅವನ ರೇಡಿಯೋ ರಿಪೇರಿ ಅಂಗಡಿ. ಹುಬ್ಬಳ್ಳಿಯಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಆರು ವರ್ಷ ದುಡಿದು, ಟಪಾಲಿನಲ್ಲಿ ಬರುವ ಒಂದು ಕೋರ್ಸನ್ನೂ ಮುಗಿಸಿ, ಅದರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಟಿವಿಯ ಹೊಟ್ಟೆಯೊಳಗೆ ಕೈ ಹಾಕುವ ಧೈರ್ಯ ಇದ್ದವನು ಅವನೊಬ್ಬನೇ. ಹೀಗಾಗಿ ಅವನಿಗೆ ತಿಳಿಯದ್ದು ಏನಾದರೂ ಇರಬಹುದೆಂದು ಊರಿನವರು ಎಣಿಸಿರಲಿಲ್ಲ. ಇತ್ತೀಚೆಗೆ ಅವನೂ ಎಣಿಸುತ್ತಿರಲಿಲ್ಲ.

ಗುರವ್ವನ ಗಿರಣಿಯಿಂದ ಗೆರೆ ಬರುವುದಿಲ್ಲ ಎಂಬುದು ಮಾತ್ರ ಅವನಿಗೆ ಆ ಕ್ಷಣಕ್ಕೇ ಗೊತ್ತಿತ್ತು. ಅದು ಮೂರು ಫೇಸಿನ ಮೋಟರು. ಒಳಗೆ ಕಾರ್ಬನ್ ಬ್ರಶ್ ಇಲ್ಲ. ಬ್ರಶ್ ಇಲ್ಲವೆಂದ ಮೇಲೆ ಕಿಡಿ ಇಲ್ಲ. ಕಿಡಿ ಇಲ್ಲದ ಮೋಟರು ಟಿವಿಯ ಗೊಡವೆಗೆ ಹೋಗುವುದಿಲ್ಲ. ಕಿಡಿ ಇದ್ದರೂ ಪರದೆಯ ಮೇಲೆ ರವೆ ಉದುರಿದ ಹಾಗೆ ಚುಕ್ಕಿ ಬೀಳಬೇಕೇ ಹೊರತು ಹೀಗೆ ನೇಯ್ದಂಥ ಬಲೆ ಅಲ್ಲ. ಬಲೆ ಬಿದ್ದಿದೆ ಎಂದರೆ ಹತ್ತಿರದಲ್ಲಿ ಎಲ್ಲೋ ಇನ್ನೊಂದು ಯಂತ್ರ, ಟಿವಿ ಹಿಡಿಯುವ ಅಲೆಯಂಥದೇ ಅಲೆಯನ್ನು ತಾನೂ ಗಾಳಿಗೆ ಬಿಡುತ್ತಿದೆ.

"ಗಿರಣಿದು ಇರಾಕಿಲ್ಲರಿ..." ಎಂದು ಅವನು ಶುರುಮಾಡಿದ.

"ಮತ್ತ ಯಾತರದು?"

ಅದು ಅವನಿಗೆ ಗೊತ್ತಿರಲಿಲ್ಲ. ಇನ್ನೂರು ಮಂದಿ ಅವನ ಬಾಯಿ ನೋಡುತ್ತಿದ್ದರು. ಗೊತ್ತಿಲ್ಲ ಎನ್ನುವುದು ಒಂದೇ ಶಬ್ದದ ಮಾತು. ಆದರೆ ಕಟ್ಟು ಹಾಕಿಸಿದ ಸರ್ಟಿಫಿಕೇಟು ಇರುವವನಿಗೆ ಅದು ಗಂಟಲಲ್ಲಿ ಸಿಗುತ್ತದೆ.

"ಯಾತರದರ ಇರಲಿರಿ, ಫಿಲ್ಟರ್ ಹಾಕಿದ್ರ ಗೆರಿ ಹೋಗತೈತಿ. ಒಂದ ವಾರ ಕೊಡ್ರಿ," ಎಂದ.

ಅಂದಾನೆಪ್ಪ ಕೆಟ್ಟ ಮನುಷ್ಯನಲ್ಲ. ತನಗೆ ತಿಳಿಯದ್ದನ್ನು ತಿಳಿದವರಿಂದಲೇ ಕೇಳಬೇಕು ಎನ್ನುವವನು. ಉತ್ತರ ಮಾತ್ರ ತಾನು ಮೊದಲೇ ಎಣಿಸಿದ್ದಾಗಿರಬೇಕು, ಅಷ್ಟೆ. "ಬರಕೋ ಮಂಜಪ್ಪಾ," ಎಂದ. "ನಿಜಾಮಸಾಬ ಗಿರಣಿಗೆ ಫಿಲ್ಟರ್ ಹಾಕತಕ್ಕದ್ದು. ಗೆರಿ ಹೋತಂದ್ರ ಗಿರಣಿ ಇದ್ದಲ್ಲೇ ಇರಲಿ. ಹೋಗಲಿಲ್ಲ ಅಂದ್ರ ಈ ವರ್ಷ ಗಿರಣಿ ಲೈಸನ್ಸಿಗೆ ಪಂಚಾಯ್ತಿ ಸಹಿ ಇಲ್ಲ." ಆಮೇಲೆ ನಿಜಾಮಸಾಬನ ಕಡೆ ತಿರುಗಿ ದನಿ ಇಳಿಸಿದ. "ಮಂಡಲದ ಆರೂ ಹಳ್ಳಿ ಟಿವಿ ದೇಖರೇಖಿಗೆ ಒಬ್ಬನ ನೇಮಿಸ್ರಿ ಅಂತ ಮ್ಯಾಲಿಂದ ಕಾಗದ ಬಂದೈತಪಾ. ಇದೊಂದ ಮಾಡಿ ತೋರಸು."

ಲೈಸನ್ಸು ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಗುರವ್ವ ಗಿರಣಿಯೊಳಗೆ ಹೋಗುವ ಮುಂಚೆ ನಿಜಾಮಸಾಬನ ಹತ್ತಿರ ಬಂದು, "ತಮ್ಮಾ, ನೀ ಅದಿ ಅಂತ ನಾ ಸುಮ್ಮನದೀನಿ," ಎಂದಳು.

ಅವಳು ಹಾಗೆ ಹೇಳಲು ಕಾರಣವಿತ್ತು. ಹುಣಸೆ ಮರದ ಕೆಳಗಿನ ಅಂಗಡಿಗೆ ಕರೆಂಟು ಬರುವ ಮುಂಚೆ ಎರಡು ವರ್ಷ ಅವನು ಕೆಲಸ ಮಾಡಿದ್ದು ಅವಳ ಗಿರಣಿಯ ಮೂಲೆಯಲ್ಲಿ. ಅವನ ಬೆಸುಗೆಯ ರಾಡು ಕಾಯುತ್ತಿದ್ದದ್ದು ಅವಳ ಮೀಟರಿನಿಂದ. ಒಂದು ದಿನವೂ ಅವಳು ಆ ಮಾತು ಎತ್ತಿರಲಿಲ್ಲ.

*

ಗುರುವಾರ ಯುಗಾದಿ ಅಮಾಸಿ. ಅಮಾಸಿಗೆ ಗಿರಣಿ ತಿರುಗುವುದಿಲ್ಲ. ಕಲ್ಲು ತೊಳೆದು, ಮೋಟರಿಗೆ ವಿಭೂತಿ ಹಚ್ಚಿ, ಬಾಗಿಲಿಗೆ ಕೀಲಿ ಹಾಕಿ ಗುರವ್ವ ಮನೆಯಲ್ಲಿದ್ದಳು. ಸರಕಾರಿ ಟಿವಿ ಹೊರಗೆ ಬರುತ್ತಿದ್ದದ್ದು ರವಿವಾರ ಮಾತ್ರ. ಉಳಿದ ದಿನ ಅದರ ಪೆಟ್ಟಿಗೆಯ ಕೀಲಿ ಮಂಜಪ್ಪನ ಉಡದಾರದಲ್ಲಿ ಇರುತ್ತಿತ್ತು. ನಿಜಾಮಸಾಬ ಆ ಕೀಲಿ ಇಸಿದುಕೊಂಡು ಸಂಜೆ ಏಳರ ಸುಮಾರಿಗೆ ಕಟ್ಟೆಗೆ ಹೋಗಿ ಒಬ್ಬನೇ ಟಿವಿ ಹಚ್ಚಿದ.

ಬಲೆ ಇತ್ತು. ಗಿರಣಿ ಸತ್ತಂತೆ ಬಿದ್ದಿತ್ತು, ಬಲೆ ಜೀವಂತ ಇತ್ತು.

ಅವನಿಗೆ ಖುಷಿಯಾಯಿತು. ತಾನು ಎಣಿಸಿದ್ದು ಸರಿ. ರವಿವಾರ ಇದನ್ನೇ ಎಲ್ಲರೆದುರು ಹೇಳಿಬಿಡಬೇಕು: ಅಮಾಸಿ ದಿವಸ ಬಂದು ನೋಡ್ರೆಪಾ. ಹೀಗೆ ಅವನು ಮನಸ್ಸಿನಲ್ಲೇ ಭಾಷಣ ಮಾಡುತ್ತಿದ್ದಾಗ ಬಲೆ ಫಕ್ಕನೆ ಹೋಯಿತು. ವಾರ್ತೆ ಓದುವ ಹೆಂಗಸಿನ ಮುಖ ನೀರಿನಲ್ಲಿ ತೊಳೆದ ಹಾಗೆ ಕಂಡಿತು. ಹಣೆಯ ಬೊಟ್ಟೂ ಕಂಡಿತು. ಅವನು ಎದ್ದು ನಿಂತು ಸುತ್ತ ನೋಡಿದ. ಊರಲ್ಲಿ ಏನೋ ಒಂದು ಈಗಷ್ಟೇ ಬಂದಾಗಿದೆ. ಏನು? ಎಲ್ಲ ಮನೆಯ ದೀಪ ಇದ್ದಂತೆ ಇದ್ದವು.

ಐದು ನಿಮಿಷ ಕಳೆದಿರಲಿಕ್ಕಿಲ್ಲ, ಪ್ರಧಾನರ ಮನೆಯ ಕೆಲಸದ ದುರಗವ್ವ ಓಡುತ್ತ ಬಂದಳು.

"ಏ ಸಾಬಣ್ಣಾ, ಇಲ್ಲದಿಯನ? ಅಂಗಡಿ ಮಟ ಹೋಗಿಬಂದೆ. ನಮ್ಮ ಗೌಡ್ತಿ ಟಿವಿ ನಿಂತೈತಂತ, ಲಗೂನ ಬರಬೇಕಂತ. ವಾರ್ತಿ ಮುಗದ ಮ್ಯಾಲ ಹಾಡು ಅದಾವಂತ."

ಅವನಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಹೋಗಿ ನೋಡಿದರೆ ಕೆಟ್ಟದ್ದು ಟಿವಿಯಲ್ಲ. ಗೋಡೆಯಲ್ಲಿದ್ದ ಬೂಸ್ಟರಿನ ಪ್ಲಗ್ಗು ಸಡಿಲಾಗಿ ಹೊರಗೆ ಬಂದಿತ್ತು. ಹುಬ್ಬಳ್ಳಿಯಿಂದ ಬರುವ ಅಲೆ ಹುಣಸಿಮಟ್ಟಿಗೆ ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ಅದಕ್ಕೆ ಬಲ ತುಂಬಲು ಮಾಳಿಗೆಯ ಮೇಲಿನ ಕೊಳವೆಯ ತುದಿಗೆ, ಆಂಟೆನಾದ ಕೆಳಗೆ, ಬೂಸ್ಟರಿನ ಡಬ್ಬಿ ಕೂಡಿಸಿರುತ್ತಾರೆ. ಇದು ನಿಜಾಮಸಾಬ ತನ್ನ ಕೈಯಿಂದಲೇ ಮಾಡಿದ್ದು. ಕಂಪನಿಯವರು ಒಂದು ಟ್ರಾನ್ಸಿಸ್ಟರ್ ಹಾಕುವಲ್ಲಿ ಅವನು ಎರಡು ಹಾಕಿದ್ದ. ಪ್ರಧಾನರ ಚಿತ್ರ ಊರಿನ ಎಲ್ಲ ಚಿತ್ರಕ್ಕಿಂತ ಜೋರಾಗಿ ಬರಬೇಕೆಂದು ಹಾಕಿದ್ದ. ಬಂದಿತ್ತೂ ಕೂಡ. ಅಂದಾನೆಪ್ಪ ಬೆನ್ನು ಚಪ್ಪರಿಸಿ, "ಸಾಬಾ, ನೀ ಹುಬ್ಬಳ್ಳ್ಯಾಗ ಇರಬೇಕಿತ್ತಲೇ," ಎಂದಿದ್ದ. ಅದು ಸಂಕ್ರಾಂತಿಯ ಹಿಂದಿನ ದಿನ.

ಪ್ಲಗ್ಗು ಒತ್ತಿದ. ಗೌಡ್ತಿಯ ಹಾಡು ಬಂತು. ಚಿತ್ರ ಎಷ್ಟು ಜೋರಾಗಿತ್ತೆಂದರೆ ಅದರೊಳಗಿನ ಸಣ್ಣ ನಡುಕ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಅವನ ಕಣ್ಣಿಗೆ ಬಿತ್ತು.

ಚಹಾ ಬೇಡವೆಂದು ಹೊರಬಿದ್ದು ಕಟ್ಟೆಗೆ ಬಂದ. ಸರಕಾರಿ ಟಿವಿಯಲ್ಲಿ ಬಲೆ ಮತ್ತೆ ಬಿದ್ದಿತ್ತು.

ಅವನು ಟಿವಿ ಬಂದ್ ಮಾಡಿ, ಪೆಟ್ಟಿಗೆಗೆ ಕೀಲಿ ಹಾಕಿ, ಕಟ್ಟೆಯ ತುದಿಯಲ್ಲಿ ಕೂತ. ಬಲ ಹೆಚ್ಚಾದ ಬೂಸ್ಟರು ತಾನೇ ಅಲೆ ಬಿಟ್ಟು ಕೂಗಲು ಹತ್ತುತ್ತದೆ ಎಂದು ಉಸ್ತಾದ ಹೇಳಿದ್ದ. ಸಭೆಯಲ್ಲಿ ಮೈಕಿನ ಎದುರಿಗೆ ಲೌಡ್‌ಸ್ಪೀಕರಿನ ಕರ್ಣೆ ಇಟ್ಟರೆ ಕೀರಲಿಡುವುದಿಲ್ಲವೆ, ಹಾಗೆ. ಪ್ರಧಾನರ ಮಾಳಿಗೆಯ ಮೇಲಿಂದ ಎರಡು ತಿಂಗಳಿನಿಂದ ಕೀರಲಿಡುತ್ತಿದ್ದದ್ದು ಅವನ ಹೆಸರೇ.

*

"ಹೇಳಿಬಿಡು. ಗುರವ್ವಕ್ಕಗ ಹೇಳು, ಪ್ರಧಾನಗ ಹೇಳು. ತಪ್ಪಾತು ಅನ್ನು, ಸರಿ ಮಾಡು," ಎಂದಳು ನಿಜಾಮಸಾಬನ ಹೆಂಡತಿ ಮಲಿಕಾಬಿ. ಮರುದಿನ ಯುಗಾದಿ. ಗುರವ್ವನ ಮನೆಯಿಂದ ಬಂದ ಬೇವುಬೆಲ್ಲದ ಬಟ್ಟಲನ್ನು ಅವಳು ಗಂಡನ ಮುಂದೆ ಇಟ್ಟಿದ್ದಳು.

"ಹೇಳಿದ್ರ ಆರು ಹಳ್ಳಿ ಕೆಲಸ ಹೋತು. ಮತ್ಯಾರು ನನ್ನ ಕೈಯಾಗ ಟಿವಿ ಕೊಡ್ತಾರ? ಪ್ರಧಾನನ ಟಿವಿಯಿಂದನ ಊರ ದೇವರಿಗೆ ಗೆರಿ ಬಿತ್ತು ಅಂತ ಆದ್ರ ಅವಂಗ ಎಷ್ಟ ಅವಮಾನ, ವಿಚಾರ ಮಾಡಿಯನು?"

"ಆಕಿ ಗಿರಣಿ?"

"ಗಿರಣಿ ಉಳಿಸಾಕನ ಹೊಂಟೀನಿ. ಕೇಳಿಲ್ಲೆ." ಅವನು ರಾತ್ರಿಯಿಡೀ ಕೂಡಿಸಿ ಕಳೆದು ಹೊಂದಿಸಿದ್ದನ್ನು ಬಿಚ್ಚಿಟ್ಟ. ಪ್ರಧಾನರ ಬೂಸ್ಟರಿಗೆ ಖರೇ ಫಿಲ್ಟರು ಹಾಕುವುದು, ಯಾರಿಗೂ ತಿಳಿಯದ ಹಾಗೆ. ಗಿರಣಿಯ ಮೇಲೆ ಒಂದು ಡಬ್ಬಿ ತೂಗುಬಿಡುವುದು, ಎಲ್ಲರಿಗೂ ಕಾಣುವ ಹಾಗೆ. ರವಿವಾರ ಗೆರೆ ಹೋಗುತ್ತದೆ. ಗೆರೆ ಹೋದರೆ ಗಿರಣಿ ಇರಲಿ ಎಂದು ಠರಾವೇ ಇದೆ. ಪ್ರಧಾನನಿಗೆ ಅವಮಾನವಿಲ್ಲ, ಗುರವ್ವನಿಗೆ ನಷ್ಟವಿಲ್ಲ, ದೇವರಿಗೆ ಗೆರೆ ಇಲ್ಲ.

"ಆ ಡಬ್ಬ್ಯಾಗ ಏನಿರ್ತೈತಿ?"

"ಏನೂ ಇಲ್ಲ."

ಮಲಿಕಾಬಿ ಬಟ್ಟಲನ್ನು ಅವನ ಮುಂದಿನಿಂದ ಎತ್ತಿಕೊಂಡಳು. "ಕಾಯ್ಕು ಜೀ, ಯಾಕ ಬೇಕು ಇಷ್ಟ ಶಾಣ್ಯಾತನ?" ಎಂದಳಷ್ಟೆ.

ಶನಿವಾರ ಬೆಳಿಗ್ಗೆ ಅವನು 'ಸರ್ವಿಸಿಂಗ್' ಎಂದು ಹೇಳಿ ಪ್ರಧಾನರ ಮಾಳಿಗೆ ಹತ್ತಿದ. ಕೊಳವೆ ಇಳಿಸಿ ಬೂಸ್ಟರಿನ ಡಬ್ಬಿ ಬಿಚ್ಚಿದ. ಎರಡನೆಯ ಟ್ರಾನ್ಸಿಸ್ಟರನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಪೆನ್ನಿನ ರಿಫಿಲ್ಲಿಗೆ ತಾಮ್ರದ ತಂತಿಯನ್ನು ಏಳು ಸುತ್ತು ಸುತ್ತಿ, ಕಡಲೆ ಬೇಳೆಯಷ್ಟು ದೊಡ್ಡ ಕಂಡೆನ್ಸರನ್ನು ಅದಕ್ಕೆ ಜೋಡಿಸಿ, ಸುತ್ತುಗಳನ್ನು ಉಗುರಿನಿಂದ ಕೂದಲೆಳೆಯಷ್ಟು ಅಗಲಿಸುತ್ತ ಕೂಡಿಸುತ್ತ ಸರಿಯಾದ ಜಾಗಕ್ಕೆ ತಂದು, ಮೇಣದ ಹನಿ ಬಿಟ್ಟು ಗಟ್ಟಿ ಮಾಡಿದ. ಬೇಕಾದ ಅಲೆಯನ್ನು ಒಳಗೆ ಬಿಟ್ಟು ಬೇಡವಾದದ್ದನ್ನು ಮಣ್ಣಿಗೆ ಇಳಿಸುವ ಅಷ್ಟೇ ಅಷ್ಟು ವಸ್ತು. ಅವನು ಜನ್ಮದಲ್ಲಿ ಮಾಡಿದ ಕೆಲಸಗಳಲ್ಲಿ ಅತ್ಯಂತ ಚೊಕ್ಕ ಕೆಲಸ ಅದು. ನೋಡಲು ಒಂದು ಕಾಗೆ ಮಾತ್ರ ಇತ್ತು.

ಮಧ್ಯಾಹ್ನ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮೊಳದುದ್ದದ ಪೆಟ್ಟಿಗೆ ಮಾಡಿ, ಬೂದು ಬಣ್ಣ ಬಳಿದು, ಹೊರಗಿನಿಂದ ಕೆಂಪು ದೀಪ ಕೂಡಿಸಿ ಗಿರಣಿಗೆ ಒಯ್ದ. ಮೋಟರಿನ ಸ್ಟಾರ್ಟರಿನ ಪಕ್ಕದಲ್ಲಿ ಮೊಳೆ ಹೊಡೆದು ತೂಗುಬಿಟ್ಟ. ಒಳಗೆ ದಪ್ಪ ತಂತಿಯ ಎರಡು ಸುತ್ತು ಇದ್ದವು, ತುದಿಗಳು ಯಾವುದಕ್ಕೂ ಕೂಡಿರಲಿಲ್ಲ. ಸುಮ್ಮನೆ ಖಾಲಿ ಬಿಡಲು ಕೈ ಬಂದಿರಲಿಲ್ಲ.

ಗುರವ್ವ ಕುಂಕುಮ ತಂದು ಡಬ್ಬಿಗೆ ಹಚ್ಚಿದಳು. "ಇದೇನ ಮಾಡ್ತೈತಿ ತಮ್ಮಾ? ಜರಡಿ ಇದ್ದಂಗ ಏನು?"

"ಹೌದಕ್ಕಾ. ಜರಡಿ ಇದ್ದಂಗ. ಹಿಟ್ಟ ಬಿಡ್ತೈತಿ, ತೌಡ ಹಿಡೀತೈತಿ."

"ಹಂಗಾರ ತೌಡು ನನ್ನ ಗಿರಣ್ಯಾಗಿಂದನ ಹೊಂಟಿತ್ತನು?" ಅವಳು ನಗುತ್ತಲೇ ಕೇಳಿದಳು. ಆದರೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತ ನಿಂತಳು.

"ಅದೆಲ್ಲಾ ನಿನಗ್ಯಾಕಕ್ಕಾ," ಎಂದು ಅವನು ಇಕ್ಕಳ, ರಾಡು ಎಲ್ಲ ಚೀಲಕ್ಕೆ ತುಂಬಿದ.

*

ರವಿವಾರ ಕಟ್ಟೆಯ ಮೇಲೆ ಕೂಡಲು ಜಾಗವಿರಲಿಲ್ಲ. ಗಿರಣಿ ಬೇಕೆಂದೇ ತಿರುಗುತ್ತಿತ್ತು. ಅದು ಪರೀಕ್ಷೆಯ ಭಾಗವೆಂದು ಅಂದಾನೆಪ್ಪ ಅಪ್ಪಣೆ ಮಾಡಿದ್ದ. ತಾನೂ ಮನೆಯ ಟಿವಿ ಬಿಟ್ಟು ಇಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಗೌಡ್ತಿ ಮನೆಯಲ್ಲಿ ಹಚ್ಚಿದ್ದಾಳೆ ಎಂಬುದನ್ನು ನಿಜಾಮಸಾಬ ಬರುವಾಗಲೇ ಕಿವಿಗೊಟ್ಟು ಕೇಳಿ ಬಂದಿದ್ದ.

ಒಂಬತ್ತೂವರೆಗೆ ದೇವರು ಬಂದ. ಗೆರೆ ಇರಲಿಲ್ಲ. ಕಿರೀಟದ ಹರಳು ಎಣಿಸಬಹುದಿತ್ತು. ಹಿಂದಿನ ಸಾಲಿನ ಹೆಂಗಸರು ಎದ್ದು ನಿಂತು ಕೈಮುಗಿದರು. ದಾವೂದಸಾಬ ಕಣ್ಣೊರೆಸಿಕೊಂಡು, "ತಾಯಿ ಮಾರಿ ಈಗ ಕಂಡಿತ್ನೋಡ್ರೆಪಾ. ಅಗದಿ ಸಣ್ಣ ವಯಸ್ಸಿನಾಕಿ ಅದಾಳ," ಎಂದ. ಮುಗಿದ ಮೇಲೆ ಯಾರೋ ನಿಜಾಮಸಾಬನ ಕೊರಳಿಗೆ ಟಿವಿಗೆ ಹಾಕಿದ್ದ ಮಾಲೆಯನ್ನೇ ತೆಗೆದು ಹಾಕಿದರು. ಬಾಜೂ ಖೋಲಿಯಲ್ಲಿ ಗಿರಣಿ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಗುರವ್ವ ಅದನ್ನು ನಿಲ್ಲಿಸಿ ಹೊರಗೆ ಬಂದಳು. ಲೈಸನ್ಸಿನ ಅರ್ಜಿ ಅವಳ ಕೈಯಲ್ಲೇ ಇತ್ತು. ಮಡಿಕೆಯ ಗೆರೆಗಳಲ್ಲಿ ಹಿಟ್ಟು ಕೂತಿತ್ತು.

"ಸಹಿ ಹಾಕ್ರಿ ಪ್ರಧಾನರ."

ಅಂದಾನೆಪ್ಪ ಪೆನ್ನು ತೆಗೆದುಕೊಂಡ. ಅವನು ಹಾಕಿಬಿಡುತ್ತಿದ್ದ. ಅಷ್ಟರಲ್ಲಿ ಮಂಜಪ್ಪ ಗಂಟಲು ಸರಿಪಡಿಸಿಕೊಂಡ. ಇಪ್ಪತ್ತು ವರ್ಷ ಠರಾವು ಬರೆದವನಿಗೆ ಸುಖದ ಸಮಯದಲ್ಲೂ ಒಂದು ಶಂಕೆ ಬರುತ್ತದೆ.

"ಸಾಹೇಬ್ರ, ಒಂದ ಮಾತು. ಡಬ್ಬಿ ಹಾಕಿದ ಕೂಡಲೇ ಗೆರಿ ಹೋತು ಅಂದ್ರ, ಗೆರಿ ಗಿರಣಿದ ಇತ್ತು ಅಂತ ಖರೆ ಆತಲ್ಲರಿ?"

"ಆತು."

"ನಾಳೆ ಡಬ್ಬಿ ಕೆಟ್ರ?"

ಜನರ ನಡುವೆ ಗುಜುಗುಜು ಎದ್ದಿತು. ಹೋದ ವಾರ ಆಯಮ್ಮ ನಾನಲ್ಲ ನಾನಲ್ಲ ಅಂದಳಲ್ಲ ಎಂದು ಒಬ್ಬ. ದೇವರನ್ನ ಬೀಸಂಗಿಲ್ಲ ಅಂತ ನಮಗೇ ಚಾಷ್ಟಿ ಮಾಡಿದಳು ಎಂದು ಇನ್ನೊಬ್ಬ. ನಿನ್ನೆಯವರೆಗೆ ಬರೀ ಸಂಶಯವಿತ್ತು. ಈಗ ಸಾಕ್ಷಿ ಮೊಳೆಗೆ ನೇತಾಡುತ್ತಿತ್ತು, ಕೆಂಪು ದೀಪ ಬೇರೆ.

ಗುರವ್ವ ಅರ್ಜಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. "ಖರೆ ಆತು ಅಂತ ಸುಮ್ಮನ ಯಾಕಂತೀರಿ? ಟಿವಿ ಇನ್ನೂ ನಡದೈತಿ. ತಮ್ಮಾ ನಿಜಾಮಾ, ಆ ಡಬ್ಬಿ ಬಿಚ್ಚು. ನಾ ಗಿರಣಿ ಹಚ್ಚತೀನಿ. ಎಲ್ಲಾರೂ ಕಣ್ಣಾರೆ ನೋಡೂಣು. ಗೆರಿ ಬಿತ್ತಂದ್ರ ನಾನಾಗೇ ಕೀಲಿ ಹಾಕಿ ಕೀಲೀಕೈ ನಿಮ್ಮ ಕೈಯಾಗ ಕೊಡ್ತೀನಿ."

"ಮಾತು ಖರೆ ಐತಿ," ಎಂದ ಅಂದಾನೆಪ್ಪ. "ಬಿಚ್ಚಲೇ ಸಾಬಾ."

ಡಬ್ಬಿ ಬಿಚ್ಚಿದರೆ ಗೆರೆ ಬೀಳುವುದಿಲ್ಲ. ಗುರವ್ವನ ಗಿರಣಿ ಉಳಿಯುತ್ತದೆ. ಆಮೇಲೆ ಜನ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: ಹಾಗಾದರೆ ಗೆರೆ ಹೋದದ್ದು ಹೇಗೆ? ನಿಜಾಮಸಾಬನ ಕಣ್ಣು ಜನರ ತಲೆಗಳನ್ನು ದಾಟಿ ಪ್ರಧಾನರ ಮಾಳಿಗೆಯ ಮೇಲಿನ ಕೊಳವೆಯವರೆಗೆ ಹೋಗಿ ವಾಪಸು ಬಂತು. ಕೊರಳಿನ ಮಾಲೆ ತೊಯ್ದು ತಂಪಾಗಿತ್ತು. ಹೆಂಗಸರ ಗುಂಪಿನಲ್ಲಿ ಮಲಿಕಾಬಿ ನಿಂತಿದ್ದಳು. ಅವಳು ಅವನನ್ನಲ್ಲ, ಗುರವ್ವನನ್ನು ನೋಡುತ್ತಿದ್ದಳು.

"ಬಿಚ್ಚಬಾರದ್ರಿ," ಎಂದ.

"ಯಾಕ?"

"ಒಮ್ಮಿ ಹಾಕಿದ ಮ್ಯಾಲ ಬಿಚ್ಚಿ ಮೋಟರ್ ಹಚ್ಚಿದ್ರ... ಉಲ್ಟಾ ಹೊಡಿತೈತ್ರಿ. ಮೋಟರ್ ಸುಡತೈತಿ."

ಹಾಗೆ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ಅವನು ಎಣಿಸಿದ್ದ. ಅವಳ ಮೋಟರನ್ನು ಸುಡುವ ಧೈರ್ಯ ಯಾರಿಗೂ ಆಗಲಿಕ್ಕಿಲ್ಲ, ಅಂದಾನೆಪ್ಪ ಸಹಿ ಹಾಕುತ್ತಾನೆ, ಎಲ್ಲರೂ ಊಟಕ್ಕೆ ಹೋಗುತ್ತಾರೆ.

"ಸುಡತೈತಿ ಅಂದ್ರ?" ಮಂಜಪ್ಪ ಪುಸ್ತಕದಿಂದ ತಲೆ ಎತ್ತಿದ. "ಬೆಂಕಿ ಹತ್ತತೈತಿ ಅಂತೀಯನು?"

"ಹತ್ತ... ಹತ್ತಬೌದ್ರಿ."

"ಈಗೇನ ಬಿಚ್ಚಲಿಲ್ಲ ಬಿಡು. ನಾಳೆ ತಾನಾಗೇ ಕಳಚಿ ಬಿದ್ರ? ಇಲಿ ಕಡದ್ರ?"

ಗಿರಣಿಯ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಪಾಳಿಗೆ ನಿಂತಿದ್ದ ಹೆಂಗಸರು ಮಕ್ಕಳ ರಟ್ಟೆ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬಳು ತನ್ನ ಜೋಳದ ಬುಟ್ಟಿಯನ್ನು ಎಳೆದುಕೊಂಡಳು.

"ಅಲ್ಲಲೇ, ಅದರ ಬೆನ್ನಿಗೇ ಸಣ್ಣ ಹುಡುಗೂರ ಸಾಲಿ ಐತಿ!" ಅಂದಾನೆಪ್ಪ ಪೆನ್ನನ್ನು ಮಂಜಪ್ಪನ ಕೈಗೆ ವಾಪಸು ಕೊಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಖರೇ ಕಾಳಜಿ ಇತ್ತು. ಅದರಿಂದಾಗಿಯೇ ಯಾರಿಂದಲೂ ಎದುರು ಹೇಳಲಾಗಲಿಲ್ಲ. "ನೋಡು ಗುರವ್ವಾ, ಗೆರೀದು ಬ್ಯಾರೆ ಮಾತು. ದೇವರ ಗೆರಿ ಬೇಕಾರ ಸೈಸ್ಕೋಬೌದು. ಬೆಂಕೀದು ಹಂಗಲ್ಲ. ಊರ ಹೊರಗ ಒಯ್ದು ಹಾಕ್ಕೋ, ಅವತ್ತ ಸಹಿ ಹಾಕ್ತೀನಿ."

ಊರ ಹೊರಗೆ ಮೂರು ಫೇಸಿನ ತಂತಿ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಗುರವ್ವ ನಿಜಾಮಸಾಬನ ಮುಖವನ್ನೇ ನೋಡಿದಳು. ಕಾಳಿನಲ್ಲಿ ಕಲ್ಲು ಇದೆಯೇ ಎಂದು ಅಂಗೈಯಲ್ಲಿ ಹರವಿ ನೋಡುವ ಹಾಗೆ, ಅವಸರವಿಲ್ಲದೆ ನೋಡಿದಳು. "ನೀ ಹೇಳಿದ ಮ್ಯಾಲ ಮುಗೀತು ತಮ್ಮಾ," ಎಂದಳು. ಗಿರಣಿಯೊಳಗೆ ಹೋಗಿ, ಕಾಳು ಸುರಿಯುವ ಹಾಪರಿನಲ್ಲಿ ಅರ್ಧ ಉಳಿದಿದ್ದ ಯಾರದೋ ಗೋದಿಯನ್ನು ಕೈಯಿಂದ ತೋಡಿ ಅವರ ಚೀಲಕ್ಕೆ ಹಾಕತೊಡಗಿದಳು.

ಮಂಜಪ್ಪ ಎರಡು ಠರಾವು ಬರೆದ. ಎರಡನೆಯದು ಮಂಡಲದ ಆರು ಹಳ್ಳಿಗಳ ಟಿವಿ ದೇಖರೇಖಿಗೆ ನಿಜಾಮಸಾಬನನ್ನು ನೇಮಿಸಿದ್ದು. ಅದು ಸರ್ವಾನುಮತದಿಂದ ಪಾಸಾಯಿತು.

*

ಏಪ್ರಿಲ್ ಎರಡನೆಯ ವಾರ ಗುಡಗೇರಿಯ ಕಡೆಯವರು ಯಾರೋ ಬಂದು ಮೋಟರನ್ನೂ ಕಲ್ಲುಗಳನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಹೋದರು. ಅವತ್ತು ಸಂಜೆ ಗುರವ್ವ ಹುಣಸೆ ಮರದ ಕೆಳಗಿನ ಅಂಗಡಿಗೆ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಬೂದು ಬಣ್ಣದ ಡಬ್ಬಿಯನ್ನು ಅವನ ಮೇಜಿನ ಮೇಲೆ, ಬಿಚ್ಚಿ ಹರವಿದ್ದ ಒಂದು ಟ್ರಾನ್ಸಿಸ್ಟರ್ ರೇಡಿಯೋದ ಪಕ್ಕದಲ್ಲಿ ಇಟ್ಟಳು.

"ಅವರು ಇದೂ ಬೇಕಂದ್ರು. ನಾ ಕೊಡಲಿಲ್ಲ. ನಿಂದು ನೀ ಇಟ್ಕೋ."

"ಕೂಡಕ್ಕಾ, ಚಾ ತರಸ್ತೀನಿ."

"ಒಲ್ಲೆಪಾ. ಬಸ್ಸಿಗೆ ಹೊತ್ತಾತು." ಅವಳು ಅಣ್ಣಿಗೇರಿಗೆ ಹೊರಟಿದ್ದಳು, ಅಲ್ಲಿ ತಂಗಿಯ ಮನೆಯ ಹತ್ತಿರ ಕಾಳು ಹಸನು ಮಾಡುವ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಬಸ್ಸು ಬರುವವರೆಗೆ ಅವಳು ಅಂಗಡಿಯ ಕಡೆ ಬೆನ್ನು ಮಾಡಿ ನಿಂತಳು.

ಬಸ್ಸು ಹೋದ ಮೇಲೆ ಅವನು ಡಬ್ಬಿ ಎತ್ತಿ ನೋಡಿದ. ಒಂದು ಬದಿಯ ಬೆಸುಗೆ ಬಿಟ್ಟಿತ್ತು. ಬಿಟ್ಟದ್ದೋ ಬಿಡಿಸಿದ್ದೋ ತಿಳಿಯುವಂತಿರಲಿಲ್ಲ. ಅಲ್ಲಾಡಿಸಿದಾಗ ಸಂದಿನಿಂದ ಮೇಜಿನ ಮೇಲೆ ಸಣ್ಣಗೆ ಹಿಟ್ಟು ಸುರಿಯಿತು. ಅವನು ಅಂಗೈ ಅಡ್ಡ ಹಿಡಿದ.

ಅಂದಿನಿಂದ ಮಲಿಕಾಬಿ ಎಂಟು ದಿನಕ್ಕೊಮ್ಮೆ ಜೋಳದ ಗಂಟು ಹೊತ್ತು ಕುಬಿಹಾಳದ ಗಿರಣಿಗೆ ನಡೆದು ಹೋಗಿ ಬರತೊಡಗಿದಳು. ಊರಿನ ಉಳಿದ ಹೆಂಗಸರೂ ಹೋದರು. ಹುಣಸಿಮಟ್ಟಿಯ ಟಿವಿ ಮಾತ್ರ ಆರು ಹಳ್ಳಿಗಳಲ್ಲೇ ಎಲ್ಲಕ್ಕಿಂತ ಸ್ವಚ್ಛ ಬರುತ್ತಿತ್ತು.

ಆಷಾಢದಲ್ಲಿ ದೇವರ ಆ ಧಾರಾವಾಹಿಯೇ ಮುಗಿಯಿತು.